ಮೇಲೆ ಅಂದರೆ ಯಾವ ಕಡೆ?

ಬೆಂಗಳೂರಿನಿಂದ ಮದರಾಸಿಗೆ ರೈಲಿನಲ್ಲಿ ಹೋಗುವಾಗ ಒಂದು ಬೆಟ್ಟದಷ್ಟು ಇಳಿಯುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಬಂಗಾರಪೇಟೆ ಬರುತ್ತದೆ, ಇಡ್ಲಿ ವಡೆ ಬರುತ್ತದೆ, ಕುಪ್ಪಂ ದಾಟಿದ ಮೇಲೆ ಬಂಡೆಗಳ ನಡುವೆ ಗಾಡಿ ಅತ್ತಿತ್ತ ವಾಲುತ್ತದೆ, ಜೋಲಾರಪೇಟೆಯ ಹೊತ್ತಿಗೆ ಸೆಕೆ ಶುರು. ಹೊರಡುವಾಗ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದವರು ಮದರಾಸಿನಲ್ಲಿ ಇಳಿಯುವಾಗ ಕೆಲವೇ ಮೀಟರ್ ಎತ್ತರದಲ್ಲಿರುತ್ತೇವೆ. ಆದರೆ ರೈಲ್ವೆಯ ಹಳೆಯ ಲೆಕ್ಕದಲ್ಲಿ ಇದು ‘ಅಪ್’ ಗಾಡಿ. ಅಷ್ಟೂ ಎತ್ತರವನ್ನು ಹತ್ತಿಕೊಂಡು ವಾಪಸ್ಸು ಬೆಂಗಳೂರಿಗೆ ಬರುವುದು ‘ಡೌನ್’.

ಈ ಲೆಕ್ಕ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಲಂಡನ್ನಿನ ಕಡೆಗೆ ಹೋಗುವ ಹಳಿ ಅಪ್, ಲಂಡನ್ನಿಗೆ ಬೆನ್ನು ಹಾಕಿ ಹೋಗುವುದು ಡೌನ್. ನಡುವೆ ಗುಡ್ಡ ಬರಲಿ ಕಣಿವೆ ಬರಲಿ, ಹಳಿಗೆ ಸಂಬಂಧವಿಲ್ಲ. 1864ರಲ್ಲಿ ನಮ್ಮ ಕಂಟೋನ್ಮೆಂಟಿಗೆ ರೈಲು ಬಂದಾಗ ಲಂಡನ್ನಿನ ಜಾಗದಲ್ಲಿ ಮದರಾಸು ಕೂತಿತು, ಅಷ್ಟೆ. ರೈಲ್ವೆ ಕಂಪನಿಯ ಮುಖ್ಯ ಕಚೇರಿ ಎಲ್ಲಿದೆಯೋ ಅದು ಮೇಲು. ಇಂಗ್ಲಿಷರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ. ಹುಡುಗ ಆಕ್ಸ್‌ಫರ್ಡಿಗೆ ಓದಲು ಹೋದರೆ, ಅವನ ಊರು ಎಲ್ಲೇ ಇರಲಿ, ಅವನು ‘ಅಪ್’ ಹೋದ ಎನ್ನುತ್ತಾರೆ. ಲಂಡನ್ನಿನ ಹುಡುಗನಾದರೆ ಅವನನ್ನು ಹಾಗೆ ಮೇಲಕ್ಕೆ ಒಯ್ಯುವುದು ಡೌನ್ ಗಾಡಿ. ಏನೋ ಕಿತಾಪತಿ ಮಾಡಿ ಅಲ್ಲಿಂದ ಹೊರಹಾಕಿಸಿಕೊಂಡರೆ ಅವನು ‘ಸೆಂಟ್ ಡೌನ್’. ತಲೆ ತಗ್ಗಿಸಿಕೊಂಡು ಮನೆಗೆ ಬರುವುದು ಮಾತ್ರ ಅಪ್ ಗಾಡಿಯಲ್ಲಿ!

ನಗುವ ಮೊದಲು ನಮ್ಮ ಕಚೇರಿಗಳನ್ನು ನೆನೆಯಬೇಕು. ‘ಮೇಲಿಂದ ಫೋನ್ ಬಂದಿದೆ’ ಎಂದು ಮೂರನೇ ಮಹಡಿಯ ಗುಮಾಸ್ತರು ಪಿಸುಗುಟ್ಟುತ್ತಾರೆ. ಫೋನ್ ಮಾಡಿದ ಸಾಹೇಬರು ಕೂತಿರುವುದು ನೆಲಮಹಡಿಯ ಎ.ಸಿ. ಕೋಣೆಯಲ್ಲಿ. ಹೈಕೋರ್ಟಿಗೆ ಹೋಗುವುದು ಮೇಲ್ಮನವಿ, ಸತ್ತು ಹೋಗುವುದೂ ಮೇಲಕ್ಕೆ. ಅಧಿಕಾರ ಇರುವ ಜಾಗವನ್ನು ನಾಲಿಗೆ ತಾನಾಗಿ ತಲೆಯ ಮೇಲಿಟ್ಟುಬಿಡುತ್ತದೆ. ಇದಕ್ಕೆ ಇಂಗ್ಲಿಷರ ಪಾಠ ಬೇಕಾಗಿರಲಿಲ್ಲ.

ಅವರಿಂದ ನಾವು ತೆಗೆದುಕೊಂಡದ್ದು ಬರಿಯ ಪದ. ಅದನ್ನು ಎಷ್ಟು ಚೆನ್ನಾಗಿ ಪಳಗಿಸಿದ್ದೇವೆ ಎಂಬುದು ಮೈಸೂರಲ್ಲೋ ಬೆಂಗಳೂರಲ್ಲೋ ದಾರಿ ಕೇಳಿದರೆ ತಿಳಿಯುತ್ತದೆ. ‘ಸೀದಾ ಹೋಗಿ ಸಾರ್, ಒಂದು ಡೌನ್ ಬರುತ್ತೆ, ಇಳಿದ ತಕ್ಷಣ ಒಂದು ಅಪ್, ಆ ಅಪ್ ಹತ್ತಿ ಲೆಫ್ಟ್ ತಗೊಳ್ಳಿ.’ ಇಲ್ಲಿ ಅಪ್ ಎಂಬುದು ನಾಮಪದ, ರಸ್ತೆಯ ಏರು. ಹೀಗೆ ಹೇಳಿದರೆ ಲಂಡನ್ನಿನವನಿಗೆ ಗೊತ್ತಾಗುವುದಿಲ್ಲ, ನಮಗೆ ಇದಕ್ಕಿಂತ ಸ್ಪಷ್ಟ ಮಾತಿಲ್ಲ. ಗಾಡಿಗೆ ಪಿಕಪ್ ಇಲ್ಲದಿದ್ದರೆ ಆ ಅಪ್ ಹತ್ತುವುದಿಲ್ಲ. ಸಿನಿಮಾದವರು ಬೆಳಿಗ್ಗೆ ಮೇಕಪ್ ಹಾಕಿ ಸಂಜೆ ಪ್ಯಾಕಪ್ ಅನ್ನುತ್ತಾರೆ, ನಡುವೆ ಹೀರೋಗೆ ಬಿಲ್ಡಪ್ ಕೊಡುತ್ತಾರೆ. ಬ್ಯಾಂಕಿನಲ್ಲಿ ಫಾರಂ ‘ಫಿಲ್ ಅಪ್’ ಮಾಡಿ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಅದೇ ಫಾರಂ ‘ಫಿಲ್ ಇನ್’, ಅಮೆರಿಕದಲ್ಲಿ ‘ಫಿಲ್ ಔಟ್’. ಒಂದು ಕಾಗದ, ತುಂಬಲು ಮೂರು ದಿಕ್ಕು.

ಈ ಪುಟ್ಟ ಪದ ಇಂಗ್ಲಿಷಿನಲ್ಲಿ ಮಾಡುವ ಕೆಲಸಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದು ‘ಪೂರ್ತಿ’ ಎಂಬ ಅರ್ಥ ಕೊಡುವ ರೀತಿ. ‘ಈಟ್’ ಅಂದರೆ ತಿನ್ನು, ‘ಈಟ್ ಅಪ್’ ಅಂದರೆ ತಿಂದು ಮುಗಿಸು. ಪಾತ್ರೆ ತುಂಬುತ್ತಿದ್ದಂತೆ ನೀರು ಮೇಲೇರುತ್ತದೆ, ಬಾಯಿಗೆ ಬಂದರೆ ಪೂರ್ತಿ ಆಯಿತು. ಈ ಅರ್ಥ ಹಾಗೆ ಬಂದಿರಬಹುದು ಎಂದುಕೊಂಡು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ‘ಡ್ರಿಂಕ್ ಅಪ್’ ಎದುರಾಗುತ್ತದೆ. ಅಲ್ಲಿ ನೀರು ಇಳಿದು ಲೋಟದ ತಳ ಕಂಡಾಗಲೇ ಅಪ್. ‘ಸ್ಲೋ ಅಪ್’ ಅಂದರೂ ನಿಧಾನಿಸು, ‘ಸ್ಲೋ ಡೌನ್’ ಅಂದರೂ ನಿಧಾನಿಸು. ಮನೆ ಸುಟ್ಟರೆ ಡೌನ್, ಕಾಗದ ಸುಟ್ಟರೆ ಅಪ್. ಸಮಯ ಮುಗಿದರೂ ಅಪ್, ನಿದ್ದೆ ಮುಗಿದರೂ ಅಪ್. ವ್ಯಾಕರಣದ ಮೇಷ್ಟರು ಇದಕ್ಕೊಂದು ಸೂತ್ರ ಹೇಳಬಲ್ಲರು. ಆದರೆ ಆ ಸೂತ್ರ ಗೊತ್ತಿಲ್ಲದ ನಾಲ್ಕು ವರ್ಷದ ಇಂಗ್ಲಿಷ್ ಮಗು ಒಂದೂ ತಪ್ಪದೆ ಇದನ್ನೆಲ್ಲ ಆಡುತ್ತದೆ.

ನಮ್ಮ ‘ಮೇಲೆ’ಯೂ ಕಡಿಮೆಯದಲ್ಲ. ಅದು ಕಾಲದೊಳಗೆ ಇಳಿದಿರುವುದು ನಮ್ಮ ಗಮನಕ್ಕೇ ಬರುವುದಿಲ್ಲ. ಊಟದ ಮೇಲೆ ಎಲೆಯಡಿಕೆ, ಮಳೆ ನಿಂತ ಮೇಲೆ ಬಿತ್ತನೆ, ಇನ್ನು ಮೇಲೆ ಸಾಲ ಕೊಡುವುದಿಲ್ಲ, ಆಮೇಲೆ ನೋಡೋಣ. ಬರಲಿರುವುದೆಲ್ಲ ನಮಗೆ ಮೇಲಿದೆ. ಪಾಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಯುಪ್ನೊ ಎಂಬ ಜನರಿದ್ದಾರೆ. ಸಂಶೋಧಕ ರಫಾಯೆಲ್ ನೂನ್ಯೆಸ್ ಮತ್ತವರ ಸಂಗಡಿಗರು ಈ ಜನ ಮಾತಾಡುವಾಗಿನ ಕೈಸನ್ನೆಗಳನ್ನು ಗಮನಿಸಿದರು. ನಿನ್ನೆಯ ಮಾತು ಬಂದಾಗ ಅವರ ಕೈ ಕಣಿವೆ ಇಳಿಯುವ ಕಡೆಗೆ, ನದಿ ಸಮುದ್ರ ಸೇರುವತ್ತ ಹೋಗುತ್ತದೆ. ನಾಳೆಯ ಮಾತು ಬಂದರೆ ನದಿ ಹುಟ್ಟುವ ಏರಿನ ಕಡೆಗೆ. ಕೂತಲ್ಲಿಂದ ಹೊರಳಿ ಬೇರೆ ಕಡೆ ಮುಖ ಮಾಡಿದರೂ ಕೈ ಮಾತ್ರ ಅದೇ ಏರನ್ನು ಹುಡುಕುತ್ತದೆ. ‘ಆಮೇಲೆ’ ಎನ್ನುವಾಗ ನಾವು ಯಾವ ಗುಡ್ಡವನ್ನೂ ನೋಡುವುದಿಲ್ಲ. ಆ ಪದ ಮೊದಲು ಆಡಿದವರ ಕಣ್ಣ ಮುಂದೆ ಯಾವುದಾದರೂ ಗುಡ್ಡ ಇತ್ತೋ ಏನೋ.

ನೀರು ಮತ್ತು ಬೆಟ್ಟ, ಮನುಷ್ಯನಿಗೆ ಮೇಲೆ ಕೆಳಗೆ ಕಲಿಸಿದವು ಇವೆರಡೇ ಇರಬೇಕು. ಈಜಿಪ್ಟಿನ ‘ಮೇಲಿನ’ ಭಾಗ ಇರುವುದು ದಕ್ಷಿಣದಲ್ಲಿ, ನೈಲ್ ಹರಿಯುವುದು ಉತ್ತರಕ್ಕೆ. ಅವರ ಚಿತ್ರಲಿಪಿಯಲ್ಲಿ ದಕ್ಷಿಣಕ್ಕೆ ಪಯಣಿಸುವುದಕ್ಕೆ ಹಾಯಿ ಬಿಚ್ಚಿದ ದೋಣಿಯ ಗುರುತು, ಉತ್ತರಕ್ಕೆ ಪಯಣಿಸುವುದಕ್ಕೆ ಹಾಯಿ ಇಳಿಸಿದ ದೋಣಿಯದು. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಉತ್ತರದಿಂದ ಬೀಸುವ ಗಾಳಿ ದೋಣಿಯನ್ನು ತಳ್ಳುತ್ತಿತ್ತು, ಮರಳುವಾಗ ನದಿಯೇ ಒಯ್ಯುತ್ತಿತ್ತು. ಇಂಥ ಅಚ್ಚುಕಟ್ಟಾದ ಲೋಕದಿಂದ ಹೊರಟ ಒಂದನೇ ಥುಟ್ಮೋಸನ ಸೈನ್ಯ, ಇವತ್ತಿಗೆ ಸುಮಾರು 3500 ವರ್ಷದ ಹಿಂದೆ, ಯೂಫ್ರಟಿಸ್ ನದಿಯ ದಡ ಮುಟ್ಟಿತು. ಆ ನದಿ ದಕ್ಷಿಣದತ್ತ ಹರಿಯುತ್ತಿತ್ತು! ಅಷ್ಟು ದೂರ ನಡೆದು ಬಂದ ಸೈನಿಕರು ಅದನ್ನು ನೋಡಿ ನಿಂತ ಗಳಿಗೆಯನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ. ಅವರ ಮಾತಿನಲ್ಲಿ ‘ಉತ್ತರಕ್ಕೆ ಹೋಗು’ ಮತ್ತು ‘ಹೊಳೆ ಇಳಿ’ ಎರಡೂ ಒಂದೇ. ಕಣ್ಣೆದುರಿನ ನೀರನ್ನು ಹೇಳಲು ಬಾಯಲ್ಲಿ ಪದವಿಲ್ಲ. ಕೊನೆಗೆ ರಾಜನ ಶಾಸನ ಅದನ್ನು ತಲೆಕೆಳಗಾದ ನೀರು ಎಂದು ಕರೆಯಿತು. ನೂಬಿಯಾದ ಟೊಂಬೋಸಿನಲ್ಲಿ ಆ ಶಾಸನ ಇದೆ.

ಇದರ ಬಳಿಕ ನಮ್ಮ ನೆರೆಯ ತಮಿಳನ್ನು ನೋಡಿದರೆ ಮಜವಾಗಿದೆ. ಅವರಿಗೆ ಪಡುವಣ ದಿಕ್ಕು ‘ಮೇಱ್ಕು’, ಮೇಲಿನದು. ಮೂಡಣ ‘ಕಿೞಕ್ಕು’, ಕೆಳಗಿನದು. ಪಶ್ಚಿಮಘಟ್ಟ ಅವರಿಗೆ ಸೂರ್ಯ ಮುಳುಗುವ ಕಡೆ ಎದ್ದು ನಿಂತಿದೆ, ನೆಲ ಮೂಡಣ ಸಮುದ್ರದವರೆಗೂ ಇಳಿಜಾರು. ಕನ್ನಡದವರು ಘಟ್ಟದ ಮೇಲೂ ಇದ್ದಾರೆ, ಕೆಳಗೂ ಇದ್ದಾರೆ. ಕುಂದಾಪುರದವರಿಗೆ ಬೆಟ್ಟ ಮೂಡಣಕ್ಕೆ, ಹಾಸನದವರಿಗೆ ಪಡುವಣಕ್ಕೆ. ಬೆಟ್ಟವನ್ನು ನಂಬಿದ್ದರೆ ಅರ್ಧ ಜನಕ್ಕೆ ದಿಕ್ಕು ತಪ್ಪುತ್ತಿತ್ತು. ನಮ್ಮ ಮೂಡು ಪಡು ಎರಡೂ ಸೂರ್ಯನ ಪದಗಳು, ಮೂಡುವುದು ಮತ್ತು ಬೀಳುವುದು. ಮೂಡುಬಿದಿರೆ, ಪಡುಬಿದ್ರಿ ಎಂಬ ಊರುಗಳು ಆ ಸೂರ್ಯನ ಮೇರೆಗೇ ಕೂತಿವೆ. ಹಾಗೆಂದು ಬೆಟ್ಟ ಮಾತಿನಿಂದ ಮರೆಯಾಗಿಲ್ಲ. ಕರಾವಳಿಯಲ್ಲಿ ಇವತ್ತಿಗೂ ‘ಘಟ್ಟದ ಮೇಲಿನವರು’ ಎಂದರೆ ಬೇರೆ ಜಾತಿಯ ಅಕ್ಕಿ ಉಣ್ಣುವ, ಬೇರೆ ರಾಗದ ಕನ್ನಡ ಆಡುವ ಜನ. ಮೆಕ್ಸಿಕೊದ ಚಿಯಾಪಾಸ್ ಗುಡ್ಡಗಳ ತ್ಸೆಲ್ಟಾಲ್ ಜನರು ಒಂದೇ ಮೇಜಿನ ಮೇಲಿನ ಎರಡು ಸೀಸೆಗಳಲ್ಲಿ ಒಂದನ್ನು ‘ಏರಿನ ಕಡೆಯದು’ ಅನ್ನುತ್ತಾರಂತೆ. ಮೇಜು ಸಮತಟ್ಟಾಗಿಯೇ ಇರುತ್ತದೆ. ಅವರ ಊರಿನ ನೆಲ ದಕ್ಷಿಣಕ್ಕೆ ಏರುತ್ತದೆ, ಆದ್ದರಿಂದ ದಕ್ಷಿಣದ ಕಡೆಯಿರುವ ಸೀಸೆ ಏರಿನದು.

ನಕಾಶೆಯಲ್ಲಿ ಉತ್ತರ ಮೇಲೆ ಬಂದ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು, ಹೆಚ್ಚು ಹೇಳುವುದಿಲ್ಲ. ಸಿಸಿಲಿಯ ದೊರೆಗಾಗಿ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ನಕಾಶೆಯಲ್ಲಿ ದಕ್ಷಿಣ ಮೇಲಿದೆ. ಸುಮಾರು 1300ರ ಹೆರೆಫರ್ಡ್ ಚರ್ಚಿನ ನಕಾಶೆಯಲ್ಲಿ ಮೂಡಣ ಮೇಲಿದೆ. 1972ರ ಡಿಸೆಂಬರ್ 7ರಂದು ಅಪೊಲೊ 17ರವರು ತೆಗೆದ ಭೂಮಿಯ ಪ್ರಸಿದ್ಧ ಚಿತ್ರದಲ್ಲಿ ಅಂಟಾರ್ಕ್ಟಿಕಾ ಮೇಲುಗಡೆ ಬಂದಿತ್ತು. ನೋಡುವವರಿಗೆ ಗಲಿಬಿಲಿ ಬೇಡವೆಂದು ತಿರುಗಿಸಿ ಅಚ್ಚು ಹಾಕಿದರು. ಆಕಾಶದಲ್ಲಿ ತೇಲುವ ಗೋಲಕ್ಕೂ ನಾವು ತಲೆ ಕಾಲು ಗೊತ್ತು ಮಾಡಿದ್ದೇವೆ.

ಇದೆಲ್ಲ ಮನುಷ್ಯರ ಏರ್ಪಾಡು, ಮಾತಿನ ಆಟ, ನಿಜವಾದ ಮೇಲೆ ಎಂಬುದು ಒಂದಿದೆಯಲ್ಲ, ಅದಕ್ಕೇನು ಅನುಮಾನ ಎಂದು ನೀವು ಕೇಳಬಹುದು. ಗೋಡೆ ಕಟ್ಟುವ ಮೇಸ್ತ್ರಿಯೂ ಅದನ್ನೇ ಕೇಳುತ್ತಾನೆ. ಅವನ ಹತ್ತಿರ ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ಗುಂಡು ಇದೆ. ದಾರದ ಮೇಲ್ತುದಿಯ ಮರದ ಚಕ್ಕೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತಾನೆ, ಗುಂಡು ಒಂದಿಷ್ಟು ತೂಗಾಡುತ್ತದೆ, ಅವನು ಬೀಡಿಯ ಹೊಗೆ ಬಿಡದೆ ಒಂದು ಕಣ್ಣು ಮುಚ್ಚಿ ಕಾಯುತ್ತಾನೆ. ಗುಂಡು ನಿಂತಿತು. ಗೋಡೆಯನ್ನು ಸವರಿಯೂ ಸವರದಂತೆ ಇದ್ದರೆ ಗೋಡೆ ನೆಟ್ಟಗಿದೆ. ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿಲ್ಲ.

ಆ ಮೇಸ್ತ್ರಿಯನ್ನು ಬೆಂಗಳೂರಿನಲ್ಲೊಂದು ಗೋಡೆ, ವಿಜಯಪುರದಲ್ಲೊಂದು ಗೋಡೆ ಕಟ್ಟಲು ಬಿಡಿ. ಎರಡೂ ಗುಂಡಿಗೆ ಸರಿಯಾಗಿ ನೆಟ್ಟಗೆ ನಿಂತಿವೆ, ಆದರೆ ಒಂದಕ್ಕೊಂದು ಸಮಾನಾಂತರವಾಗಿಲ್ಲ. ಭೂಮಿ ದುಂಡಗಿದೆ. ಮೇಲ್ಮೈಯಲ್ಲಿ ಸುಮಾರು 111 ಕಿಲೋಮೀಟರ್ ಸರಿದರೆ ನಮ್ಮ ‘ಮೇಲೆ’ ಒಂದು ಡಿಗ್ರಿ ವಾಲುತ್ತದೆ. ವಿಧಾನಸೌಧಕ್ಕೂ ಗೋಳಗುಮ್ಮಟಕ್ಕೂ ನಡುವೆ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು. ಪೀಸಾದ ವಾಲುಗೋಪುರ, ಈಚೆಗೆ ಅದನ್ನು ಸ್ವಲ್ಪ ನೆಟ್ಟಗೆ ಮಾಡಿದ ಮೇಲೆ, ವಾಲಿರುವುದು ನಾಲ್ಕು ಡಿಗ್ರಿಯ ಹತ್ತಿರ ಹತ್ತಿರ. ಅಂದರೆ ಬೆಂಗಳೂರಿನ ತೂಗುಗುಂಡಿನ ಲೆಕ್ಕ ಹಿಡಿದರೆ ಗೋಳಗುಮ್ಮಟ ಪೀಸಾ ಗೋಪುರದಷ್ಟು ವಾಲಿದೆ! ವಿಜಯಪುರದವರು ಇದೇ ಮಾತನ್ನು ವಿಧಾನಸೌಧದ ಬಗ್ಗೆ ಹೇಳಬಹುದು, ಹೇಳಿದರೆ ಯಾರೂ ಅಲ್ಲಗಳೆಯಲಾರರು. ಅಮೆರಿಕದ ನ್ಯೂಯಾರ್ಕಿನಲ್ಲಿರುವ ಮಗ ವಿಡಿಯೊ ಕರೆ ಮಾಡಿದಾಗ ಅವನ ತಲೆಯೂ ಬೆಂಗಳೂರಿನ ಅಮ್ಮನ ತಲೆಯೂ ಪರದೆಯಲ್ಲಿ ಒಂದೇ ಕಡೆಗಿರುತ್ತವೆ. ಆಕಾಶದ ಲೆಕ್ಕದಲ್ಲಿ ಅವರಿಬ್ಬರ ನಡುವೆ ಸುಮಾರು 120 ಡಿಗ್ರಿ. ಇಂಗ್ಲೆಂಡಿನಲ್ಲಿ 1981ರಲ್ಲಿ ತೆರೆದ ಹಂಬರ್ ತೂಗುಸೇತುವೆಯ ಎರಡು ಗೋಪುರಗಳೂ ನೆಟ್ಟಗೇ ಇವೆ, ಆದರೆ ಬುಡದಲ್ಲಿರುವುದಕ್ಕಿಂತ ತುದಿಯಲ್ಲಿ ಅವುಗಳ ಅಂತರ 36 ಮಿಲಿಮೀಟರ್ ಹೆಚ್ಚು. ಎರಡಕ್ಕೂ ತಮ್ಮ ತಮ್ಮದೇ ಮೇಲೆ.

ಗುಂಡು ಭೂಮಿಯ ನಟ್ಟನಡುವಿಗೇ ತೋರಿಸುತ್ತದೆಯೇ ಎಂದರೆ ಅದೂ ಇಲ್ಲ. ಭಾರತವನ್ನು ಅಳೆಯುತ್ತಿದ್ದ ಜಾರ್ಜ್ ಎವರೆಸ್ಟ್‌ನ ತಂಡಕ್ಕೆ ಒಂದು ತೊಡಕು ಎದುರಾಯಿತು. ಮಧ್ಯಭಾರತದ ಕಲ್ಯಾಣಪುರಕ್ಕೂ ಉತ್ತರದ ಕಲಿಯಾನಕ್ಕೂ ಇರುವ ಅಂತರವನ್ನು ನೆಲದ ಮೇಲೆ ತ್ರಿಕೋನಗಳಿಂದ ಅಳೆದರೆ ಒಂದು ಉತ್ತರ, ನಕ್ಷತ್ರ ನೋಡಿ ಅಳೆದರೆ ಇನ್ನೊಂದು. ವ್ಯತ್ಯಾಸ ಐದು ಆರ್ಕ್ ಸೆಕೆಂಡಿಗಿಂತ ತುಸು ಹೆಚ್ಚು. ಒಂದು ಡಿಗ್ರಿಯಲ್ಲಿ 3600 ಆರ್ಕ್ ಸೆಕೆಂಡುಗಳಿವೆ. ಅಷ್ಟಕ್ಕೇ ಅವರ ನಿದ್ದೆ ಕೆಟ್ಟಿತು. ಕಲ್ಕತ್ತದಲ್ಲಿದ್ದ ಪಾದ್ರಿ ಜಾನ್ ಪ್ರ್ಯಾಟ್, ಗಣಿತ ಬಲ್ಲವನು, ಹಿಮಾಲಯ ತನ್ನ ಭಾರದಿಂದ ಗುಂಡನ್ನು ತನ್ನ ಕಡೆಗೆ ಎಳೆಯುತ್ತಿದೆ ಎಂದು ಹೇಳಿ ಆ ಎಳೆತವನ್ನು ಲೆಕ್ಕ ಹಾಕಿದ. ಉತ್ತರ ಹದಿನೈದು ಆರ್ಕ್ ಸೆಕೆಂಡನ್ನೂ ಮೀರಿತು. ಹಿಮಾಲಯ ಎಳೆಯಬೇಕಾದಷ್ಟು ಎಳೆಯುತ್ತಿರಲಿಲ್ಲ! ಇದಕ್ಕೆ ಕಾರಣ ಹುಡುಕುತ್ತ 1855ರಲ್ಲಿ ವಿಜ್ಞಾನಿ ಜಾರ್ಜ್ ಏರಿ, ಬೆಟ್ಟಗಳಿಗೆ ಆಳದಲ್ಲಿ ಹಗುರವಾದ ಬೇರುಗಳಿವೆ, ನೀರಿನಲ್ಲಿ ಮರದ ದಿಮ್ಮಿ ತೇಲುವಂತೆ ಅವು ತೇಲುತ್ತಿವೆ ಎಂದ. ಭೂವಿಜ್ಞಾನದ ಒಂದು ದೊಡ್ಡ ವಿಚಾರ ಹೀಗೆ ದಾರಕ್ಕೆ ಕಟ್ಟಿದ ಗುಂಡಿನ ಕಣ್ಣಿಗೆ ಕಾಣದ ವಾಲಿನಿಂದ ಹೊರಬಂತು.

ರೈಲು ನಿಲ್ದಾಣದ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತಾರೆ. ಯಾವ ಸಮುದ್ರ, ಎಲ್ಲಿಯ ಮಟ್ಟ? ಒಂಬತ್ತು ಬಂದರುಗಳಲ್ಲಿ ಅಲೆಯ ಏರಿಳಿತವನ್ನು ವರ್ಷಗಟ್ಟಲೆ ಬರೆದುಕೊಂಡು 1909ರಲ್ಲಿ ಗೊತ್ತು ಮಾಡಿದ ಮಟ್ಟವದು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಇದೆ. ಆದರೆ ಸಮುದ್ರ ನಾವು ತಿಳಿದಷ್ಟು ನಯವಾದ ಗೋಲವಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಸಡಿಲವಾಗಿದ್ದು, ಗಾಳಿ ಅಲೆ ಏನೂ ಇಲ್ಲದಿದ್ದರೂ ಅಲ್ಲಿನ ನೀರಿನ ಮೈ ನೂರು ಮೀಟರಿಗೂ ಹೆಚ್ಚು ಕುಸಿದಿರುತ್ತದೆ. ಜಗತ್ತಿನ ಅತಿ ದೊಡ್ಡ ತಗ್ಗು ಅದೇ. ಆಫ್ರಿಕಾದ ಅಡಿಯಿಂದ ಮೇಲೆದ್ದ ಬಿಸಿ, ಹಗುರ ದ್ರವ್ಯ ಅಲ್ಲಿನ ಆಳದಲ್ಲಿ ಹರಡಿರುವುದು ಇದಕ್ಕೆ ಕಾರಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 2023ರಲ್ಲಿ ತೋರಿಸಿದರು. ನನಗೆ ಬೆರಗು ಹುಟ್ಟಿಸುವುದು ಆ ತಗ್ಗಿನ ಮೇಲೆ ಹಾಯುವ ಹಡಗು. ಮೂವತ್ತು ಮಹಡಿಯಷ್ಟು ಇಳಿದು ಮತ್ತೆ ಹತ್ತಿದರೂ ಅದರ ಎಂಜಿನ್ನಿಗೆ ಒಂದು ಹನಿ ಎಣ್ಣೆ ಹೆಚ್ಚು ಕಡಿಮೆ ಆಗುವುದಿಲ್ಲ, ಕಪ್ತಾನನ ಚಹಾ ಲೋಟದಲ್ಲಿ ವಾಲುವುದಿಲ್ಲ. ನೀರಿನ ಜತೆಗೆ ಗುರುತ್ವದ ದಿಕ್ಕೂ ಬಾಗಿರುವುದರಿಂದ ಅಲ್ಲಿ ಇಳಿದದ್ದು ಇಳಿದದ್ದೇ ಅಲ್ಲ.

ಹೀಗೆ ಹಿಡಿದಲ್ಲೆಲ್ಲ ನುಣುಚುವ ಈ ಮೇಲೆಯನ್ನು ಜೀವಗಳು ಹಿಡಿದಿಟ್ಟುಕೊಂಡದ್ದು ಕಲ್ಲಿನಿಂದ. ನಮ್ಮ ಒಳಗಿವಿಯಲ್ಲಿ ಸುಣ್ಣಕಲ್ಲಿನ ಜಾತಿಯ, ಕ್ಯಾಲ್ಸಿಯಂ ಕಾರ್ಬೊನೇಟಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಲೋಳೆಯ ಮೇಲೆ ಕೂತಿವೆ. ತಲೆ ವಾಲಿದರೆ ಅವು ಜರುಗುತ್ತವೆ, ಅಡಿಯ ಕೂದಲುಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ವಯಸ್ಸಾದವರಲ್ಲಿ ಒಮ್ಮೊಮ್ಮೆ ಕೆಲವು ಹರಳು ಕಿತ್ತುಬಂದು ಪಕ್ಕದ ಅರೆವೃತ್ತದ ಕೊಳವೆಗೆ ಬಿದ್ದರೆ ಮಗ್ಗುಲು ಹೊರಳಿದೊಡನೆ ಕೋಣೆ ಗಿರ್ರನೆ ತಿರುಗುತ್ತದೆ. ಡಾಕ್ಟರು ಮಾತ್ರೆ ಕೊಡುವ ಬದಲು ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ, ಮಲಗಿಸಿ, ಎಬ್ಬಿಸಿ, ಹರಳನ್ನು ವಾಪಸ್ಸು ಅದರ ಜಾಗಕ್ಕೆ ಉರುಳಿಸುತ್ತಾರೆ. ಮೀನಿನ ತಲೆ ಚೀಪುವ ಕರಾವಳಿಯವರಿಗೆ ಹಲ್ಲಿಗೆ ಸಿಗುವ ಬಿಳಿಯ ಗಟ್ಟಿ ಕಲ್ಲು ಇದೇ ಸಾಧನದ ದೊಡ್ಡ ರೂಪ. ಅದನ್ನು ಸೀಳಿ ಒಳಗಿನ ಬಳೆಗಳನ್ನು ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ.

ಗಿಡಕ್ಕೆ ಕಿವಿಯಿಲ್ಲ, ಆದರೂ ಗೊತ್ತು. ಹೆಸರುಕಾಳನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮುಚ್ಚಿಟ್ಟು, ಮಾರನೆಯ ದಿನ ಬಿಚ್ಚಿ ಕೋಸಂಬರಿಗೆ ಸುರಿದುಬಿಡುತ್ತೇವೆ. ಒಂದು ಸಲ ಸುರಿಯದೆ, ಒಂದೊಂದೇ ಮೊಳಕೆಯನ್ನು ಒದ್ದೆ ಹತ್ತಿಯ ಮೇಲೆ ಮಲಗಿಸಿ, ಹತ್ತಿಯನ್ನು ಗಾಜಿನ ಲೋಟದ ಗೋಡೆಗೆ ಒತ್ತಿಟ್ಟು ಕಪಾಟಿನೊಳಗೆ ಕತ್ತಲಲ್ಲಿಡಬೇಕು. ಅಡ್ಡ ಮಲಗಿದ್ದ ಬಿಳಿಯ ಬೇರು ಕೆಲವೇ ಗಂಟೆಗಳಲ್ಲಿ ತುದಿ ಬಗ್ಗಿಸಿರುತ್ತದೆ. ಬುಡ ಅಡ್ಡವಾಗಿಯೇ ಇದೆ, ತುದಿ ಮಾತ್ರ ನೆಲ ನೋಡುತ್ತಿದೆ. ಲೋಟವನ್ನು ತಿರುಗಿಸಿಟ್ಟರೆ ಮತ್ತೆ ಬಾಗಿ ಕೊಕ್ಕೆಯಾಗುತ್ತದೆ. ಬೆಳಕಿಲ್ಲ, ಮಣ್ಣಿಲ್ಲ, ಹೇಳಿಕೊಟ್ಟವರಿಲ್ಲ. ಬೇರಿನ ತುದಿಯ ಟೋಪಿಯೊಳಗಿನ ಕೋಶಗಳಲ್ಲಿ ಪಿಷ್ಟದ ಕಾಳುಗಳಿವೆ, ಅವು ಭಾರಕ್ಕೆ ಕೋಶದ ತಳಕ್ಕೆ ಕೂರುತ್ತವೆ, ಕೂತ ಕಡೆಯೇ ಕೆಳಗೆ. ಗಂಟುಬಟ್ಟೆಯಿಂದ ಎತ್ತಿದ ಕಾಳೊಳಗೆ ಅಕ್ಷರಶಃ ಇನ್ನೂ ಸಣ್ಣ ಕಾಳುಗಳು ಬಿದ್ದು ದಾರಿ ಹೇಳುತ್ತಿವೆ.

ಬೇರನ್ನು ಎಳೆಯುವುದು ಗುರುತ್ವವೇ ಹೌದೇ ಎಂದು 1806ರಲ್ಲಿ ಥಾಮಸ್ ಆಂಡ್ರ್ಯೂ ನೈಟ್ ಎಂಬ ಇಂಗ್ಲಿಷ್ ತೋಟಗಾರ ಪರೀಕ್ಷೆ ಮಾಡಿದ. ತನ್ನ ತೋಟದ ತೊರೆಯ ನೀರಿನಿಂದ ಸುತ್ತುವ ಚಕ್ರಕ್ಕೆ ಅವರೆಯ ಜಾತಿಯ ಬೀಜಗಳನ್ನು ಕಟ್ಟಿ, ನಿಮಿಷಕ್ಕೆ 150 ಸುತ್ತಿನ ವೇಗದಲ್ಲಿ ದಿನಗಟ್ಟಲೆ ತಿರುಗಿಸಿದ. ಬೇರುಗಳೆಲ್ಲ ಚಕ್ರದಿಂದ ಹೊರಕ್ಕೆ ಬೆಳೆದವು, ಚಿಗುರುಗಳೆಲ್ಲ ಚಕ್ರದ ನಡುವಿಗೆ. ಆ ಬೀಜಗಳಿಗೆ ಆಕಾಶ ಇದ್ದದ್ದು ಚಕ್ರದ ಗುಂಬದಲ್ಲಿ. ಅವು ಮೋಸ ಹೋದವು ಎನ್ನಲು ನನಗೆ ಮನಸ್ಸಿಲ್ಲ. ತಮ್ಮ ಮೇಲೆ ಬಿದ್ದ ಭಾರಕ್ಕೆ ಎದುರಾದ ದಿಕ್ಕೇ ಮೇಲೆ ಎಂದು ಅವು ತಿಳಿದವು, ಐನ್‌ಸ್ಟೈನ್ ನೂರು ವರ್ಷ ಕಳೆದ ಮೇಲೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಭಾರವನ್ನೇ ತೆಗೆದರೆ? 2025ರ ಜೂನ್ ಕೊನೆಯಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅವರ ಜತೆ ಹೆಸರುಕಾಳು ಮತ್ತು ಮೆಂತ್ಯವೂ ಹೋದವು. ಪ್ರಯೋಗ ಧಾರವಾಡದ್ದು, ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಸೇರಿ ರೂಪಿಸಿದ್ದು. ಧಾರವಾಡದ ಲೆಕ್ಕದ ಮೊಳಕೆ ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಮೇಲೆ ಎಂಬುದೇ ಇಲ್ಲದ ಜಾಗದಲ್ಲಿ ಕಣ್ಣು ಬಿಟ್ಟಿತು. ಅಲ್ಲಿ ಬೇರಿನ ಟೋಪಿಯ ಪಿಷ್ಟದ ಕಾಳುಗಳು ಎಲ್ಲಿಗೂ ಬೀಳುವುದಿಲ್ಲ. ಇಂಥ ಪ್ರಯೋಗಗಳು ಹಿಂದೆಯೂ ನಡೆದಿವೆ. ಬೇರು ಸುಮ್ಮನೆ ಸೋತು ಸುರುಳಿ ಸುತ್ತಿಕೊಳ್ಳುವುದಿಲ್ಲ. ಬೆಳಕಿಗೆ ಬೆನ್ನು ಹಾಕಿ, ತೇವ ಹುಡುಕಿ, ಚಿಗುರಿನಿಂದ ದೂರ ಸರಿಯುತ್ತ ತನ್ನದೊಂದು ದಿಕ್ಕು ಮಾಡಿಕೊಳ್ಳುತ್ತದೆ.

ಮನುಷ್ಯರೂ ಅಲ್ಲಿ ಅದನ್ನೇ ಮಾಡುತ್ತಾರೆ. 1973ರ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದು ಕೋಣೆಯನ್ನು ಮೇಲೆ ಕೆಳಗೆ ನೋಡದೆ, ಉಪಕರಣ ಎಲ್ಲಿ ಹಿಡಿಯುತ್ತದೋ ಅಲ್ಲಿ ಗೋಡೆ ತುಂಬ ಕೂರಿಸಿದ್ದರು. ಭಾರವಿಲ್ಲದವರಿಗೆ ಯಾವ ಗೋಡೆಯಾದರೇನು ಎಂಬುದು ಎಂಜಿನಿಯರುಗಳ ತರ್ಕ. ಗಗನಯಾನಿಗಳಿಗೆ ಆ ಕೋಣೆ ಸೇರಲಿಲ್ಲ, ಹೋದರೆ ಬೇಕಾದ್ದು ಸಿಗುತ್ತಿರಲಿಲ್ಲ. ಈಗಿನ ನಿಲ್ದಾಣದಲ್ಲಿ ಒಂದು ಗೋಡೆಗೆ ನೆಲವೆಂದೂ ಎದುರಿನದಕ್ಕೆ ಚಾವಣಿಯೆಂದೂ ಹೆಸರಿಟ್ಟು, ದೀಪಗಳನ್ನು ಚಾವಣಿಯ ಕಡೆ ಹಾಕಿ, ಬರಹಗಳನ್ನು ಅದಕ್ಕೆ ತಕ್ಕಂತೆ ಅಂಟಿಸಿದ್ದಾರೆ. ಯಾರೂ ಬೀಳಲಾರದ ಕಡೆಯೂ ದೀಪದ ಅಡಿಯಲ್ಲಿರಬೇಕು ಎಂಬ ಆಸೆ ಮನುಷ್ಯನಿಗೆ ಹೋಗಿಲ್ಲ.

ಅಲ್ಲಿ ಕೆಲವು ವಾರ ಕಳೆದರೆ ಮೈ ಒಪ್ಪಿಕೊಂಡುಬಿಡುತ್ತದೆ. ತೊಂದರೆ ವಾಪಸ್ಸು ಬಂದಾಗ. ಜುಲೈ 15ರಂದು ಭೂಮಿಗೆ ಇಳಿದ ಶುಕ್ಲಾ ಅನಂತರ ಪತ್ರಕರ್ತರಿಗೆ ಹೇಳಿಕೊಂಡರು: ಮೊಬೈಲು ಕೈಗೆ ಎತ್ತಿಕೊಂಡರೆ ಇಷ್ಟು ಭಾರವೇ ಅನ್ನಿಸಿತಂತೆ. ಇನ್ನೊಮ್ಮೆ ಹಾಸಿಗೆಯ ಮೇಲೆ ಕೂತು ಕೆಲಸ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ತೇಲುತ್ತ ಇರುತ್ತದೆ ಎಂಬ ನಂಬಿಕೆಯಲ್ಲಿ ಪಕ್ಕಕ್ಕೆ ಗಾಳಿಯಲ್ಲಿ ಬಿಟ್ಟುಬಿಟ್ಟರು. ಪುಣ್ಯಕ್ಕೆ ನೆಲಕ್ಕೆ ಕಾರ್ಪೆಟ್ ಹಾಸಿತ್ತು.